ಕೌದಿ ಹೊಲಿದು ಉಳಿದ ಚೂರು ಬಟ್ಟೆ ಇನ್ನು ನಿಮ್ಮ ಕೈಗೆ

ಎಲ್ಲ ಗ್ರಾಹಕರಿಗೂ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಕೌದಿಗೆಂದು ನೀವು ಕೊಟ್ಟ ಸೀರೆ, ಪಂಚೆ, ಅಂಗಿಗಳನ್ನು ಕತ್ತರಿಸಿದ ಮೇಲೆ ಉಳಿಯುವ ಚೂರುಗಳು ಇಲ್ಲಿಯವರೆಗೆ ನಮ್ಮ ಚೀಲ ಸೇರುತ್ತಿದ್ದವು. ಇನ್ನು ಮುಂದೆ ಅವನ್ನು ಕೌದಿಯ ಜೊತೆಗೇ ಕಟ್ಟಿ ಕೊಡುತ್ತೇವೆ. ಬೇಡ ಅನ್ನುವವರು ಬಟ್ಟೆ ಕೊಡುವಾಗಲೇ ಹೇಳಿಬಿಡಿ, ನಾವು ಇಟ್ಟುಕೊಳ್ಳುತ್ತೇವೆ.

ಇದಕ್ಕೆ ಕಾರಣ ನೀವೇ. 'ಅಮ್ಮನ ಸೀರೆಯದು ಒಂದು ತುಂಡು ಉಳಿದಿದೆಯಾ' ಎಂದು ಕೇಳಿಕೊಂಡು ಬರುವವರು ಈಗ ಜಾಸ್ತಿ. ಎಲ್ಲರ ಚೂರೂ ಒಂದೇ ಚೀಲದಲ್ಲಿ ಬೆರೆತ ಮೇಲೆ ಹುಡುಕಿ ಕೊಡುವುದು ಆಗದ ಮಾತು. ಮೇಲಿಂದ ಶಿರಸಿಯ ಮಳೆಗಾಲ. ರಾಶಿ ಹಾಕಿಟ್ಟ ಬಟ್ಟೆಗೆ ಒಮ್ಮೆ ಮುಗ್ಗಲು ವಾಸನೆ ಹಿಡಿದರೆ ಬಿಡಿಸುವುದು ಕಷ್ಟ. ನೀವೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿದು ಇಡಬೇಡಿ. ಚೆನ್ನಾಗಿ ಒಣಗಿಸಿ ಬಟ್ಟೆ ಚೀಲದಲ್ಲಿಡಿ.

ಎಷ್ಟು ಸಣ್ಣ ಚೂರು ಕೊಡುತ್ತೀರಿ ಎಂದು ಕೇಳಬಹುದು. ಒಂದೂವರೆ ಇಂಚು ಅಗಲ ಇರಬೇಕು, ಅಷ್ಟೇ. ಜೋಡಿಸುವಾಗ ಎರಡೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ, ಕಣ್ಣಿಗೆ ಕಾಣುವುದು ಒಂದೇ ಇಂಚು. ಅದಕ್ಕಿಂತ ಸಣ್ಣದನ್ನು ಇನ್ನೂ ಪುಡಿ ಮಾಡಿ ದಿಂಬಿಗೆ ತುಂಬುತ್ತೇವೆ. ಹತ್ತಿಯಷ್ಟು ಮೆತ್ತಗೆ ಇರುವುದಿಲ್ಲ, ಭಾರವೂ ಹೌದು. ಕುರ್ಚಿಗೆ ಸರಿ, ತಲೆಗೆ ಬೇಡ.

ಚೂರಿಗೆ ಬೆಲೆ ಇಲ್ಲ ಅನ್ನುವವರು ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ಅಳತೆಪಟ್ಟಿ ಮುಟ್ಟುವುದಿಲ್ಲ. ಕೊನೆಗೆ ಬಣ್ಣದ ಚೂರುಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಕೂರಿಸಿ, ಮೂಲೆಗಳಿಗೆ ಹೊಲಿಯುತ್ತಾರೆ. ಅದಕ್ಕೆ 'ಫೂಲ' ಅನ್ನುತ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಎಂಬ ಮಾತೂ ಅವರಲ್ಲಿದೆ. ಅದು ಅವರ ಕೈಯ ಕೆಲಸ, ನಾವು ನಕಲು ಮಾಡಲು ಹೋಗುವುದಿಲ್ಲ. ನಿಮ್ಮ ಚೂರುಗಳಿಂದ ಕಾಲೊರಸು, ಕೈಚೀಲ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಬೇಕಿದ್ದರೆ ಹೊಲಿದು ಕೊಡುತ್ತೇವೆ.

ಮಸಿಬಟ್ಟೆಗೆ ಮಾತ್ರ ಅಪ್ಪಟ ಹತ್ತಿ ಬಟ್ಟೆಯೇ ಆಗಬೇಕು. ಪಾಲಿಸ್ಟರ್ ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಗೊತ್ತಾಗದಿದ್ದರೆ ಬಟ್ಟೆಯಿಂದ ಒಂದೆಳೆ ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ಪಾಲಿಸ್ಟರ್ ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಸ್ವಲ್ಪ ಬೂದಿ, ಸ್ವಲ್ಪ ಮಣಿ. ಅದನ್ನೂ ಮಸಿಬಟ್ಟೆಗೆ ಹಾಕುವುದಿಲ್ಲ.

ಇನ್ನು ಕೂಲಿಯ ವಿಷಯ. ಚೂರು ಬಟ್ಟೆಯದು ಅಂದಮೇಲೆ ಅಗ್ಗ ಅಲ್ವಾ ಎಂದು ಸುಮಾರು ಜನ ಕೇಳುತ್ತಾರೆ. ಬಟ್ಟೆ ಬಿಟ್ಟಿ, ಹೊಲಿಗೆ ಬಿಟ್ಟಿ ಅಲ್ಲ. ತುಂಡು ಸಣ್ಣದಾದಷ್ಟೂ ಜೋಡಿಸುವುದು, ಇಸ್ತ್ರಿ ಹೊಡೆಯುವುದು ಜಾಸ್ತಿ. ಅದಕ್ಕೆ ಕೂಲಿಯನ್ನು ವಸ್ತು ನೋಡಿ ಮೊದಲೇ ಹೇಳುತ್ತೇವೆ, ನೀವು ಒಪ್ಪಿದ ಮೇಲೆಯೇ ಕತ್ತರಿ ಹಿಡಿಯುವುದು. ಕೌದಿಯ ಕೂಲಿ ಈಗಿರುವಷ್ಟೇ.

ಬಟ್ಟೆಯನ್ನು ಒಮ್ಮೆ ಒಗೆದು ತನ್ನಿ. ಹತ್ತಿ ಕುಗ್ಗುವುದಿದ್ದರೂ ಬಣ್ಣ ಬಿಡುವುದಿದ್ದರೂ ಹೊಲಿಯುವ ಮೊದಲೇ ಆಗಿಹೋಗಲಿ.

ಈಗಾಗಲೇ ಬಟ್ಟೆ ಕೊಟ್ಟು ಹೋದವರ ಚೂರುಗಳನ್ನೂ ಬೇರೆ ಬೇರೆ ಕಟ್ಟಿ, ರಸೀದಿ ನಂಬರ್ ಬರೆದು ಇಟ್ಟಿದ್ದೇವೆ. ಕೌದಿ ಒಯ್ಯಲು ಬಂದಾಗ ಕೇಳಿ ತೆಗೆದುಕೊಳ್ಳಿ.

ಇಂತಿ,
ಕೌದಿ ಹೊಲಿಯುವ ನಾವೆಲ್ಲರೂ
ಶಿರಸಿ