ಬಸುರಿಯ ರಕ್ತದ ಜತೆಗೆ ಬೋರ್‌ವೆಲ್ ನೀರನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಗರ್ಭಾವಸ್ಥೆಯ ಮಧುಮೇಹ ಕುರಿತು ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ಉಂಡ ಮೇಲೆ ಸ್ವಲ್ಪ ನಡೆಯಿರಿ, ತೂಕ ಮಿತಿಮೀರದಂತೆ ನೋಡಿಕೊಳ್ಳಿ ಎಂದು ಅದರಲ್ಲಿ ಹೇಳಿರುವುದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾಡಬೇಕಾದದ್ದೆಲ್ಲ ಬಸುರಿಯೇ. ಅವಳು ಕುಡಿಯುವ ನೀರು, ಉಸಿರಾಡುವ ಗಾಳಿ ಎಂಥವು ಎಂಬ ಒಂದು ಸಾಲೂ ಅಲ್ಲಿ ಇರಲಿಲ್ಲ. ಯಾದಗಿರಿ, ರಾಯಚೂರು ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಮಾಡುತ್ತಲೇ ನಿವೃತ್ತಳಾದ ನನಗೆ ಆ ಸಾಲು ಬೇಕಿತ್ತು.

ಪರೀಕ್ಷೆಯ ಕ್ರಮ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಂತೆ, ಬಸುರಿ ಮೊದಲ ಬಾರಿ ತಪಾಸಣೆಗೆ ಬಂದಾಗ ಮತ್ತು 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು. ಊಟ ಮಾಡಿದ್ದರೂ ಆಗಬಹುದು, ಮಾಡದಿದ್ದರೂ ಆಗಬಹುದು. 75 ಗ್ರಾಂ ಗ್ಲೂಕೋಸನ್ನು 300 ಮಿಲಿ ನೀರಿನಲ್ಲಿ ಕಲಸಿ ಕುಡಿಸುತ್ತೇವೆ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತೇವೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಆ ನೀರು ಬಾಯಿಗೆ ಹಿತವಲ್ಲ, ವಾಂತಿ ಮಾಡಿಕೊಳ್ಳುವವರಿದ್ದಾರೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ದಿನ ಬರಬೇಕು, ಅಂದರೆ ಇನ್ನೊಂದು ದಿನದ ಕೂಲಿ ಹೋಯಿತು.

ಫಲಿತಾಂಶ ಹೆಚ್ಚು ಬಂದ ಕೂಡಲೇ ಕಾರಿಡಾರಿನಲ್ಲೇ ವಿಚಾರಣೆ ಶುರುವಾಗುತ್ತದೆ. ‘ಜಾತ್ರೆಯಲ್ಲಿ ಜಿಲೇಬಿ ತಿಂದೆಯಲ್ಲ, ಅದಕ್ಕೇ’ ಎನ್ನುವ ಅತ್ತೆ, ‘ನಮ್ಮ ಮನೆಯಲ್ಲಿ ಯಾರಿಗೂ ಇದಿಲ್ಲ’ ಎನ್ನುವ ಗಂಡ, ಮಾತಿಲ್ಲದೆ ತಾಯಿ ಕಾರ್ಡನ್ನು ಮಡಚಿ ಹಿಡಿದು ನಿಂತ ಹುಡುಗಿ. ನಿಜ ಹೇಳಬೇಕೆಂದರೆ, ಜಿಲೇಬಿ ತಿಂದು ಯಾರಿಗೂ ಈ ಕಾಯಿಲೆ ಬರುವುದಿಲ್ಲ. ಹೊಟ್ಟೆಯೊಳಗಿನ ಮಾಸು ಮಗುವಿನ ಬೆಳವಣಿಗೆಗಾಗಿ ಕೆಲವು ಹಾರ್ಮೋನುಗಳನ್ನು ಸ್ರವಿಸುತ್ತದೆ. ಅವು ತಾಯಿಯ ದೇಹದಲ್ಲಿ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತವೆ. ಹೆಚ್ಚಿನ ಹೆಂಗಸರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಉತ್ಪಾದಿಸಿ ಇದನ್ನು ಸರಿದೂಗಿಸುತ್ತದೆ, ಕೆಲವರಲ್ಲಿ ಅದು ಸಾಧ್ಯವಾಗುವುದಿಲ್ಲ. ಹೀಗೆ ಮೊದಲೇ ದಣಿದ ಗ್ರಂಥಿಗೆ ಹೊರಗಿನಿಂದ ಇನ್ನೊಂದು ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದೇ ನಾನು ಎತ್ತಬೇಕೆಂದಿರುವ ವಿಷಯ.

ನಮ್ಮ ಭಾಗದಲ್ಲಿ ಆ ಪೆಟ್ಟು ಆರ್ಸೆನಿಕ್ ಎಂಬ ವಿಷ. ಹಟ್ಟಿಯಿಂದ ಮಂಗಳೂರು ಗ್ರಾಮದವರೆಗೆ (ಕರಾವಳಿಯ ಮಂಗಳೂರಲ್ಲ, ಸುರಪುರದ ಕಡೆಯ ಹಳ್ಳಿ) ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ ಇರುವ ಖನಿಜವೂ ಬೆರೆತಿರುತ್ತದೆ. ಅಲ್ಲಿನ ಮುಚ್ಚಿಹೋದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇದ್ದುದು ಮತ್ತು ಜನರ ಅಂಗೈ, ಅಂಗಾಲು, ಎದೆಯ ಚರ್ಮದಲ್ಲಿ ಅದರ ಗುರುತುಗಳು ಮೂಡಿದ್ದುದು 2013ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಪತ್ರಿಕೆಗಳೂ ಆಗ ಬರೆದವು, ಆಮೇಲೆ ಸುಮ್ಮನಾದವು. ಚರ್ಮದ ಕಲೆ ಕಣ್ಣಿಗೆ ಕಾಣುವುದರಿಂದ ಅದು ಸುದ್ದಿಯಾಯಿತು. ರಕ್ತದಲ್ಲಿ ಸಕ್ಕರೆ ಏರುವುದು ಫೋಟೊದಲ್ಲಿ ಬರುವುದಿಲ್ಲ.

ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಫ್ಲೋರೈಡ್ ಹೆಚ್ಚಿದ್ದರೆ ಮಕ್ಕಳ ಹಲ್ಲಾದರೂ ಹೇಳಿಬಿಡುತ್ತದೆ. ಇದು ಮಾತ್ರ ವರ್ಷಗಟ್ಟಲೆ ಸುಳಿವು ಕೊಡುವುದಿಲ್ಲ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಭಾರತೀಯ ಮಾನಕ ಬ್ಯೂರೊ ಒಪ್ಪುವ ಮಟ್ಟವೂ ಅದೇ. ಕುದಿಸಿದರೆ ಹೋಗುತ್ತದೆ ಎಂದು ನಂಬಿದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಆರ್ಸೆನಿಕ್ ಅಲ್ಲೇ ಉಳಿದು, ಪಾತ್ರೆಯಲ್ಲಿ ಮಿಕ್ಕ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದ, ಕ್ಯಾಂಡಲ್ ಫಿಲ್ಟರ್‌ನಿಂದಲೂ ಹೋಗುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುವ ಮನೆಗಳಲ್ಲೂ ಆ ನೀರು ಕುಡಿಯಲಿಕ್ಕೆ ಮಾತ್ರ. ಅನ್ನ, ಬೇಳೆ ಬೇಯುವುದು, ರೊಟ್ಟಿಯ ಹಿಟ್ಟು ನಾದುವುದು ಕೊಳವೆಬಾವಿ ನೀರಿನಲ್ಲೇ. ಅಕ್ಕಿ ಬೇಯುವಾಗ ಆ ನೀರಿನೊಂದಿಗೆ ಆರ್ಸೆನಿಕ್ಕನ್ನೂ ಹೀರಿಕೊಳ್ಳುತ್ತದೆ. ಪಡಿತರದ ಅಕ್ಕಿ ಜೋಳದ ಜಾಗಕ್ಕೆ ಬಂದ ಮೇಲೆ ನಮ್ಮ ಬಸುರಿಯರ ತಟ್ಟೆಯಲ್ಲಿ ಅನ್ನವೇ ಹೆಚ್ಚು ಎಂಬುದನ್ನೂ ನೆನಪಿಡಬೇಕು.

ಇದಕ್ಕೂ ಮಧುಮೇಹಕ್ಕೂ ಏನು ನಂಟು ಎಂದು ಕೇಳಬಹುದು. ಆರ್ಸೆನಿಕ್ ಇನ್ಸುಲಿನ್ ಬಿಡುಗಡೆ ಮಾಡುವ ಕೋಶಗಳಿಗೆ ಹಾನಿ ಮಾಡುತ್ತದೆ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ದಾರಿಯಲ್ಲೂ ಅಡ್ಡ ಬರುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಅಮೆರಿಕದ ಒಕ್ಲಹೋಮ ರಾಜ್ಯದ ಟಾರ್ ಕ್ರೀಕ್ ಎಂಬಲ್ಲಿ ಸೀಸ ಮತ್ತು ಸತುವಿನ ಹಳೆಯ ಗಣಿಗಳಿವೆ. ಅಲ್ಲಿನ 500ಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಆರ್ಸೆನಿಕ್ ಅತಿ ಹೆಚ್ಚಿದ್ದ ಗುಂಪಿನವರಲ್ಲಿ ಗ್ಲೂಕೋಸ್ ಪರೀಕ್ಷೆ ಏರುಪೇರಾಗುವ ಸಾಧ್ಯತೆ, ಅತಿ ಕಡಿಮೆ ಇದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಕಂಡುಬಂತು. ಅದೂ ಗಣಿ, ನಮ್ಮದೂ ಗಣಿ. ಅಲ್ಲಿಯವರು ಬಸುರಿಯರ ರಕ್ತದಲ್ಲಿ ಲೋಹವನ್ನು ಹುಡುಕಿದರು, ನಾವು ಜಿಲೇಬಿಯನ್ನು ಹುಡುಕುತ್ತಿದ್ದೇವೆ.

ಯಾರೂ ಇದನ್ನೋದಿ ಗಾಬರಿಯಾಗಬಾರದು. ಇಂಥ ಅಧ್ಯಯನಗಳು ತೋರಿಸುವುದು ಸಂಬಂಧವನ್ನು. ಒಬ್ಬ ಹೆಣ್ಣುಮಗಳ ಸಕ್ಕರೆ ಏರಿದ್ದು ಇದರಿಂದಲೇ ಎಂದು ಯಾವ ಪ್ರಯೋಗಾಲಯವೂ ಬರೆದುಕೊಡಲಾರದು. ಮನೆಯಲ್ಲಿ ಮಧುಮೇಹವಿದ್ದವರಿಗೆ, ತೂಕ ಹೆಚ್ಚಿದ್ದವರಿಗೆ, ತಡವಾಗಿ ಬಸುರಾದವರಿಗೆ, ಹಿಂದಿನ ಹೆರಿಗೆಯಲ್ಲಿ ಸಕ್ಕರೆ ಏರಿದ್ದವರಿಗೆ ಅಪಾಯ ಹೆಚ್ಚು ಎಂಬ ಹಳೆಯ ಮಾತು ಹಾಗೆಯೇ ನಿಂತಿದೆ. ಮಾಲಿನ್ಯ ಅದರ ಮೇಲೆ ಬಂದು ಕೂರುವ ಹೊರೆ. ಆದರೆ ವಯಸ್ಸನ್ನೂ ವಂಶವನ್ನೂ ಯಾವ ಸರ್ಕಾರವೂ ಬದಲಿಸಲಾರದು, ಕೊಳವೆಬಾವಿಯನ್ನು ಬದಲಿಸಬಹುದು.

ಆರ್ಸೆನಿಕ್ ಒಂದೇ ಅಲ್ಲ. ಗಾಳಿಯಲ್ಲಿನ ಸೂಕ್ಷ್ಮ ಕಣಗಳು, ಅಂದರೆ ಪಿಎಂ 2.5, ಗರ್ಭಾವಸ್ಥೆಯ ಮಧುಮೇಹದ ಜತೆ ಹಲವು ದೇಶಗಳ ಅಧ್ಯಯನಗಳಲ್ಲಿ ಕಾಣಿಸಿಕೊಂಡಿವೆ. ದೆಹಲಿ ಮತ್ತು ಚೆನ್ನೈಗಳಲ್ಲಿ 12,000ಕ್ಕೂ ಹೆಚ್ಚು ವಯಸ್ಕರನ್ನು ವರ್ಷಗಳ ಕಾಲ ಗಮನಿಸಿ 2023ರಲ್ಲಿ ಪ್ರಕಟಿಸಿದ ವರದಿಯೂ ಈ ಕಣಗಳಿಗೂ ಮಧುಮೇಹಕ್ಕೂ ನಂಟಿದೆ ಎಂದಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣಗಳ ವರ್ಷದ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ಸಿಮೆಂಟ್ ದೂಳಿನಲ್ಲಿ ಐದಾರು ತಿಂಗಳು ಕಳೆದು, ಹೆರಿಗೆಗೆ ತವರಿಗೆ ಬರುವ ಹುಡುಗಿಯರ ತಾಯಿ ಕಾರ್ಡಿನಲ್ಲಿ 24ನೇ ವಾರದ ಪರೀಕ್ಷೆಯ ಜಾಗ ಖಾಲಿಯಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿಯ ಆಸ್ಪತ್ರೆಗೆ ಅವರು ಹೊರಗಿನವರು, ಇಲ್ಲಿಯ ಆಶಾ ಕಾರ್ಯಕರ್ತೆಗೆ ಊರಲ್ಲಿಲ್ಲದವರು. ಪ್ಲಾಸ್ಟಿಕ್‌ನಿಂದ ಇಳಿಯುವ ರಾಸಾಯನಿಕಗಳ ಮೇಲೂ ಸಂಶೋಧಕರಿಗೆ ಇದೇ ಅನುಮಾನವಿದೆ. ಕುದಿಯುವ ಚಹಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ವಾರ್ಡಿಗೆ ತರುವ ಬಂಧುಗಳಿಗೆ ನಾನು ಕೊಟ್ಟ ಉಪನ್ಯಾಸ ವ್ಯರ್ಥವಾದದ್ದು ಬೇರೆ ಮಾತು.

ಇದು ತಾಯಿಗಷ್ಟೇ ಸೀಮಿತವಾದ ಸಂಗತಿಯಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧನೆ ನಮ್ಮ ರಾಜ್ಯದ್ದೇ. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗೇ ಮೈಕೊಬ್ಬು ಹೆಚ್ಚಿದ್ದುದು ಅದರಲ್ಲಿ ಕಂಡುಬಂತು.

ಈಗ ನನ್ನ ಕೇಳಿಕೆ. ಹಳ್ಳಿಗಳಲ್ಲಿ ನೀರು ಪರೀಕ್ಷಿಸಲು ತರಬೇತಿ ಪಡೆದ ಮಹಿಳೆಯರಿದ್ದಾರೆ, ಅವರ ಕೈಯಲ್ಲಿ ಕಿಟ್ ಇದೆ. ಫ್ಲೋರೈಡ್, ನೈಟ್ರೇಟ್, ಗಡಸುತನ ಅದರಲ್ಲಿ ತಿಳಿಯುತ್ತದೆ. ಆರ್ಸೆನಿಕ್‌ಗೆ ಬೇರೆಯೇ ಕಿಟ್ ಬೇಕು. ಚಿನ್ನದ ಪಟ್ಟಿಯ ತಾಲ್ಲೂಕುಗಳಿಗಾದರೂ ಅದನ್ನು ಕೊಡಲಿ. ಮಿತಿ ಮೀರಿದ ಬೋರ್‌ವೆಲ್‌ಗೆ ಬಾಂಗ್ಲಾದೇಶದಲ್ಲಿ ಮಾಡಿದಂತೆ ಕೆಂಪು ಬಣ್ಣ ಬಳಿಯಲಿ. ಓದಲು ಬಾರದ ಅಜ್ಜಿಗೂ ಕೆಂಪು ಅರ್ಥವಾಗುತ್ತದೆ. ಕೃಷ್ಣಾ ನದಿಯ ನೀರು ನಾರಾಯಣಪುರದಲ್ಲಿ ನಿಂತಿದೆ. ಬಹುಗ್ರಾಮ ಯೋಜನೆಯ ಪೈಪು ಮೊದಲು ತಲುಪಬೇಕಾದದ್ದು ಕೆಂಪು ಬಳಿದ ಊರುಗಳಿಗೆ.

ಇನ್ನೊಂದು, ಇದಕ್ಕೆ ಖರ್ಚೇ ಇಲ್ಲ. ತಾಯಿ ಕಾರ್ಡಿನಲ್ಲಿ ಎತ್ತರ, ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆಯುತ್ತೇವೆ. ಅದರ ಪಕ್ಕದಲ್ಲಿ ‘ಕುಡಿಯಲು ಯಾವ ನೀರು, ಅಡುಗೆಗೆ ಯಾವ ನೀರು’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಈಗ ನೀರಿನ ಲೆಕ್ಕ ಒಂದು ಇಲಾಖೆಯ ರಿಜಿಸ್ಟರಿನಲ್ಲಿದೆ, ಸಕ್ಕರೆಯ ಲೆಕ್ಕ ಇನ್ನೊಂದರಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರನ್ನು ನನ್ನ ಸೇವೆಯ ಅವಧಿಯಲ್ಲಿ ನಾನು ಕಾಣಲಿಲ್ಲ. ಯಾದಗಿರಿ ಮತ್ತು ರಾಯಚೂರು ಜಿಲ್ಲಾ ಪಂಚಾಯಿತಿಗಳ ಮುಂದಿನ ಪ್ರಗತಿ ಪರಿಶೀಲನಾ ಸಭೆಗೆ ಈ ಎರಡು ರಿಜಿಸ್ಟರುಗಳನ್ನೂ ತರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಸುರಪುರ