ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ?

‘ಸೀ ಇಟ್, ಸೇ ಇಟ್, ಸಾರ್ಟೆಡ್’. ಅನುಮಾನದ್ದೇನಾದರೂ ಕಂಡರೆ ಹೇಳಿ, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ ಎನ್ನುವ ಈ ಪ್ರಕಟಣೆ ಇಲ್ಲಿ, ಬ್ರಿಟನ್ನಿನಲ್ಲಿ, ರೈಲುಗಳಲ್ಲಿ ಓಡಾಡುವವರಿಗೆಲ್ಲ 2016ರಿಂದ ಬಾಯಿಪಾಠ. ನೋಡುವುದು, ಹೇಳುವುದು ನಮ್ಮ ಕೆಲಸ, ಒಪ್ಪಿದೆ. ಮುಂದಿನದು ತನ್ನಷ್ಟಕ್ಕೆ ಆಗಿಬಿಡುತ್ತದೆ ಎನ್ನುವ ಧೈರ್ಯ ಮಾತ್ರ ನನಗಿಲ್ಲ.

2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮವಿತ್ತು. ಮನೆಯ ಹುಡುಗಿಯನ್ನು ಕರೆದೊಯ್ಯಲು ಬಂದು ಹೊರಗೆ ಕಾಯುತ್ತಿದ್ದವರೊಬ್ಬರಿಗೆ, ಸಿಸಿಟಿವಿ ಕಣ್ಣಿಗೆ ಬೀಳದ ಜಾಗದಲ್ಲಿ ದೊಡ್ಡ ಬ್ಯಾಗ್ ಸಮೇತ ಕೂತಿದ್ದ ಯುವಕ ಕಂಡ. ಹತ್ತಿರ ಹೋಗಿ, ಇಲ್ಲೇನು ಮಾಡುತ್ತಿದ್ದೀಯ ಎಂದು ವಿಚಾರಿಸಿಯೂ ನೋಡಿದರು. ಉತ್ತರ ಸಮಾಧಾನ ಕೊಡಲಿಲ್ಲ. ಹತ್ತೂಕಾಲರ ಹೊತ್ತಿಗೆ ಅಲ್ಲಿದ್ದ ಸ್ಟೀವರ್ಡ್‌ಗೆ ಹೇಳಿದರು. ಆ ಸ್ಟೀವರ್ಡ್ ಕೈಯಲ್ಲಿ ರೇಡಿಯೊ ಇರಲಿಲ್ಲ, ಕಾಯುತ್ತಿದ್ದ ಬಾಗಿಲು ಬಿಟ್ಟು ಕದಲುವ ಹಾಗೂ ಇರಲಿಲ್ಲ. ಕೆಲವು ನಿಮಿಷ ಕಳೆದ ಮೇಲೆ ಇನ್ನೊಬ್ಬ ಕಾವಲಿನವನಿಗೆ ತಿಳಿಸಿದ. ಅವನು ರೇಡಿಯೊದಲ್ಲಿ ಪ್ರಯತ್ನಪಟ್ಟ, ಸಂಪರ್ಕ ಸಿಗಲಿಲ್ಲ. ಮನಸ್ಸಿನಲ್ಲಿ ಒಂದು ಅಳುಕೂ ಇತ್ತು: ನನ್ನ ಅನುಮಾನ ಸುಳ್ಳಾದರೆ ಜನಾಂಗದ್ವೇಷಿ ಎಂದು ಬೈಸಿಕೊಳ್ಳಬೇಕಾದೀತು. 10.31ಕ್ಕೆ ಬಾಂಬ್ ಸಿಡಿಯಿತು. 22 ಜನ ಸತ್ತರು.

ನೋಡಬೇಕಾದವರು ನೋಡಿದ್ದರು, ಹೇಳಿಯೂ ಇದ್ದರು. ಸಾಮಾನ್ಯ ನಾಗರಿಕನಿಂದ ಇದಕ್ಕಿಂತ ಹೆಚ್ಚೇನು ಕೇಳೋಣ?

ಅದಕ್ಕೂ ಹತ್ತು ವರ್ಷ ಹಿಂದೆ, 2007ರ ಜೂನ್ 29ರ ನಸುಕಿನಲ್ಲಿ, ಲಂಡನ್ನಿನ ಹೇಮಾರ್ಕೆಟ್‌ನಲ್ಲಿ ಇದೇ ಸರಪಳಿ ಕಳಚದೆ ನಿಂತಿತ್ತು. ನೈಟ್‌ಕ್ಲಬ್ಬಿನಿಂದ ಕರೆ ಬಂತೆಂದು ಹೋದ ಆಂಬುಲೆನ್ಸ್ ಸಿಬ್ಬಂದಿಗೆ ಹೊರಗೆ ನಿಂತ ಮರ್ಸಿಡಿಸ್ ಕಾರಿನೊಳಗೆ ಹೊಗೆಯಂಥದ್ದು ಕಂಡಿತು. ಹೇಳಿದರು, ಪೊಲೀಸರು ಬಂದರು. ಒಳಗಿದ್ದದ್ದು ಪೆಟ್ರೋಲು, ಗ್ಯಾಸ್ ಸಿಲಿಂಡರು, ಮೊಳೆ.

ಆ ಸಂಚು ನಮಗೆ ಹತ್ತಿರದ್ದು ಎನ್ನಲು ಮುಜುಗರವಾಗುತ್ತದೆ. ಮರುದಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು. ಅವನ ಇಮೇಲ್ ಓದಿಯೂ ಪೊಲೀಸರಿಗೆ ತಿಳಿಸದೆ ಸುಮ್ಮನಿದ್ದುದಕ್ಕೆ ತಮ್ಮನಿಗೆ ಶಿಕ್ಷೆಯಾಯಿತು. ‘ಯಾರಿಗೆ ಬೇಕು ಪೊಲೀಸರ ಸಹವಾಸ’ ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಈ ದೇಶದಲ್ಲಿ ಇಂಥ ವಿಷಯ ಮುಚ್ಚಿಡುವುದೇ ಅಪರಾಧ.

ಇನ್ನೊಂದು ಮಗ್ಗುಲೂ ಇದೆ. ಈ ಅಣ್ಣತಮ್ಮಂದಿರ ಬಂಧು ಡಾ. ಮೊಹಮ್ಮದ್ ಹನೀಫ್ ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲ್‌ನ ತಮ್ಮನಿಗೆ ಕೊಟ್ಟು ಹೋಗಿದ್ದರು. ಇಲ್ಲಿಂದ ಊರಿಗೆ ಹೊರಡುವವರು ಸಿಮ್ಮು, ಕುಕ್ಕರು ಯಾರಿಗಾದರೂ ದಾಟಿಸಿ ಹೋಗುವುದು ನಾವೆಲ್ಲ ಮಾಡುವುದೇ. ಆಮೇಲೆ ಆಸ್ಟ್ರೇಲಿಯದಲ್ಲಿದ್ದು, ಹಸುಗೂಸನ್ನು ನೋಡಲು ಬೆಂಗಳೂರಿಗೆ ಹೊರಟಿದ್ದ ಅವರನ್ನು ಅಲ್ಲಿನ ಬ್ರಿಸ್ಬೇನ್‌ನಲ್ಲಿ ಹಿಡಿದು, ಆರೋಪವನ್ನೇ ಹೊರಿಸದೆ 12 ದಿನ ಇಟ್ಟುಕೊಂಡರು. ಸಿಮ್ ಜೀಪಿನಲ್ಲೇ ಸಿಕ್ಕಿತೆಂದು ಕೋರ್ಟಿಗೆ ಹೇಳಲಾಯಿತು. ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ. ಕೊನೆಗೆ ಕೇಸು ಬಿದ್ದುಹೋಯಿತು. ಹಾಗಾಗಿ ನಮಗೆ ಕಂಡದ್ದು ಬ್ಯಾಗೋ, ಹೊಗೆಯೋ, ಬೀಗ ಒಡೆದ ಬಾಗಿಲೋ, ಅಷ್ಟನ್ನೇ ಹೇಳೋಣ. ಗಡ್ಡ, ಟೋಪಿ, ಮೈಬಣ್ಣ ಸುಳಿವಲ್ಲ. ಕಂದು ಮೈಯ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಪೀಠಿಕೆ ನಮ್ಮ ರಾಜ್ಯೋತ್ಸವದ ಸಲುವಾಗಿ. ಮ್ಯಾಂಚೆಸ್ಟರಿನಲ್ಲಿ ಮಗ ಮಾರ್ಟಿನ್‌ನನ್ನು ಕಳೆದುಕೊಂಡ ಫಿಗೆನ್ ಮರ್ರಿ ವರ್ಷಗಟ್ಟಲೆ ಹೋರಾಡಿದ್ದರ ಫಲವಾಗಿ 2025ರ ಏಪ್ರಿಲ್‌ನಲ್ಲಿ ‘ಮಾರ್ಟಿನ್ ಕಾಯ್ದೆ’ ಬಂದಿದೆ. ಜಾರಿಗೆ ಕನಿಷ್ಠ 24 ತಿಂಗಳ ಗಡುವಿದೆ. 200ಕ್ಕಿಂತ ಕಡಿಮೆಯಿಲ್ಲದಷ್ಟು ಜನ ಸೇರಬಹುದಾದ ಸಭಾಂಗಣಗಳಲ್ಲಿ ಅಪಾಯ ಬಂದರೆ ಜನರನ್ನು ಹೊರಗೆ ಕಳಿಸುವುದು ಹೇಗೆ, ಒಳಗೇ ಉಳಿಸಿ ಬಾಗಿಲು ಹಾಕುವುದು ಹೇಗೆ, ಸುದ್ದಿ ಮುಟ್ಟಿಸುವುದು ಹೇಗೆ ಎಂಬ ವ್ಯವಸ್ಥೆ ಇರಬೇಕು. ಹೊಣೆ ಮುಖ್ಯವಾಗಿ ಸಭಾಂಗಣ ನಡೆಸುವವರದು, ನಿಜ. ಆದರೆ ನಮ್ಮ ಹಬ್ಬಗಳಲ್ಲಿ ಬಾಗಿಲಲ್ಲಿ ನಿಲ್ಲುವವರು ನಮ್ಮ ಸ್ವಯಂಸೇವಕರೇ. ಯಾರಾದರೂ ಬಂದು ‘ಅಲ್ಲೊಂದು ಬ್ಯಾಗಿದೆ, ಯಾರದೋ ಗೊತ್ತಿಲ್ಲ’ ಎಂದರೆ ಅವರು ಮುಂದೇನು ಮಾಡಬೇಕು? ಸಮಿತಿಯಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು.

ಈ ಸಲ ಅದನ್ನು ಗೊತ್ತುಮಾಡಿದ್ದೇವೆ. ಬಾಗಿಲಿನವರು ಯಾರಿಗೆ ಫೋನ್ ಮಾಡಬೇಕು, ಆ ವ್ಯಕ್ತಿ ಸಿಗದಿದ್ದರೆ ಯಾರಿಗೆ, ಎಲ್ಲವನ್ನೂ ಬರೆದ ಚೀಟಿ ಅವರ ಜೇಬಿನಲ್ಲಿರುತ್ತದೆ. ಅನುಮಾನ ಬಲವಾಗಿದ್ದರೆ ಅಧ್ಯಕ್ಷರನ್ನು ಹುಡುಕಿಕೊಂಡು ಹೋಗುವುದು ಬೇಡ, ನೇರವಾಗಿ ತುರ್ತು ಸಂಖ್ಯೆ 999. ಬಾಗಿಲಲ್ಲಿ ನಿಲ್ಲಲು ಇನ್ನೂ ನಾಲ್ವರು ಬೇಕು. ಬಡಿಸಲು ಹೆಸರು ಕೊಟ್ಟವರು ಈಗಾಗಲೇ ಬೇಕಾದಷ್ಟಿದ್ದಾರೆ.