ಕಾರ್ಗಿಲ್ ಯುದ್ಧಕ್ಕೆ ಹೋಗದ ಕಾರ್ಗಿಲ್ ವೀರನಿಗೆ

ಪ್ರೀತಿಯ ದೋಸ್ತ,

ನೀನು ಮಿಲ್ಟ್ರಿ ನೌಕರಿ ಮುಗಿಸಿ ಊರಿಗೆ ಬಂದು ಎರಡು ತಿಂಗಳಾಯಿತು. ಅವತ್ತಿನ ಮೆರವಣಿಗೆ ಬಗ್ಗೆ ನಿನ್ನ ಜೊತೆ ಮಾತಾಡಬೇಕು ಅಂತ ಅಂದಿನಿಂದಲೂ ಅಂದುಕೊಳ್ಳುತ್ತಿದ್ದೇನೆ. ಫೋನ್ ಮಾಡಿದರೆ "ಇರಲಿ ಬಿಡಲೇ" ಅಂತ ಎರಡೇ ಮಾತಿಗೆ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ನೀನು ನಡುವೆ ಬಾಯಿ ಹಾಕೋಕೆ ಆಗಲ್ಲ. ನಿನ್ನ ಹೆಸರು, ಊರು ಹಾಕಿಲ್ಲ, ಹೆದರಬೇಡ.

ಮೊದಲು ಆ ಬ್ಯಾನರ್ ವಿಷಯ. ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತು ಅಡಿ ಅಗಲದ ಬ್ಯಾನರ್. ನಡುವೆ ನಿನ್ನ ಫೋಟೋ, ಸುತ್ತ ಹನ್ನೊಂದು ಮಂದಿ ಮುಖಂಡರ ಫೋಟೋ. ಮೇಲೆ ದಪ್ಪ ಅಕ್ಷರದಲ್ಲಿ "ಕಾರ್ಗಿಲ್ ವೀರ ಯೋಧನಿಗೆ ಹೃತ್ಪೂರ್ವಕ ಸ್ವಾಗತ". ಕಾರ್ಗಿಲ್ ಯುದ್ಧ 1999ರಲ್ಲಿ. ಆಗ ನಾವಿಬ್ಬರೂ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರ ಕೈಲಿ ಏಟು ತಿನ್ನುತ್ತಿದ್ದೆವು. ನೀನು ಭರ್ತಿ ಆಗಿದ್ದು 2005ರಲ್ಲಿ. ಬ್ಯಾನರ್ ಮಾಡಿಸಿದ ಹುಡುಗನಿಗೆ ಇದನ್ನು ಹೇಳಿದೆ. ಅವನು, "ಸರ, ಬರೇ 'ಯೋಧ' ಅಂದ್ರ ಸಪ್ಪಗ ಕಾಣ್ತದ್ರಿ" ಅಂದ.

ಜೆಸಿಬಿ ಮೇಲಿಂದ ಹೂವು ಸುರಿದರು. ಡಿಜೆ ಸದ್ದಿಗೆ ಗುಡಿಯ ಪಾರಿವಾಳಗಳೆಲ್ಲ ಎದ್ದು ಹೋದವು. ಶಾಲೆ ಮಕ್ಕಳನ್ನು ಎಂಟು ಗಂಟೆಯಿಂದ ಬಿಸಿಲಲ್ಲಿ ನಿಲ್ಲಿಸಿದ್ದರು. ಜೀಪಿನಿಂದ ಬಗ್ಗಿ ನೀನು ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು, "ಆ ಹುಡುಗರನ್ನ ನೆರಳಿಗೆ ಕೂಡ್ರಸ್ರೋ." ಅದು ಯಾರಿಗೂ ಕೇಳಿಸಲಿಲ್ಲ. ನಾನು ಹೋಗಿ ಹೇಳಿದರೆ, "ವಿಡಿಯೋ ಮುಗೀಲಿ ತಡೀರಿ" ಅಂದರು.

ಆಮೇಲೆ ಕಟ್ಟೆ ಮೇಲೆ ಸತ್ಕಾರ. ಮೈಕ್ ಹಿಡಿದವನು ಕೇಳಿದ, "ಎಷ್ಟು ಮಂದಿ ವೈರಿಗಳನ್ನ ಹೊಡದ್ರಿ?" ನೀನು ಇದ್ದಿದ್ದು ಇದ್ದ ಹಾಗೆ ಹೇಳಿದೆ. "ನಾನು ಡ್ರೈವರ್ ಇದ್ದೆನ್ರಿ. ಅಕ್ಕಿ, ಸಕ್ಕರಿ, ಚಿಮಣಿ ಎಣ್ಣಿ ಒಯ್ತಿದ್ದೆ." ಆ ಕ್ಷಣ ಎದುರು ಕೂತವರ ಮುಖ ನೋಡಿದೆಯಾ? ನಾನು ನೋಡಿದೆ. ಕೊಟ್ಟ ಶಾಲು ವಾಪಸ್ ಕೇಳೋದೊಂದು ಬಾಕಿ. ಮೈಕಿನವನು ಜಾಣ. ತಕ್ಷಣ "ಬೋಲೋ ಭಾರತ್ ಮಾತಾ ಕೀ" ಅಂದು ಸಾವರಿಸಿಕೊಂಡ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಕಾಕಾ ನೆನಪಾದ.

ನಿನಗೂ ಅವನು ಗೊತ್ತು. ಭರ್ತಿಗೆ ಮುಂಚೆ ನಮ್ಮಿಬ್ಬರನ್ನೂ ನಸುಕಿನಲ್ಲಿ ಎಬ್ಬಿಸಿ ಕೆರೆ ಏರಿ ಮೇಲೆ ಓಡಿಸಿದವನು. ನೀನು ಪಾಸಾದೆ, ನನ್ನ ಎದೆ ಎರಡು ಸೆಂಟಿಮೀಟರ್ ಕಮ್ಮಿ ಬಿತ್ತು. ಅವನು ಮರಾಠಾ ರೆಜಿಮೆಂಟಿನವನು. ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ಟ್ರೇನಿಂಗ್. ಆದರೆ ಅವನು ಶ್ರೀಲಂಕಾಕ್ಕೆ ಹೋಗಿದ್ದ ಅಂತ ನಿನಗೆ ಗೊತ್ತಿತ್ತಾ? ನನಗೇ ಸರಿಯಾಗಿ ಗೊತ್ತಾಗಿದ್ದು ಬಹಳ ತಡವಾಗಿ.

1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ಭಾರತಕ್ಕೂ ಶ್ರೀಲಂಕಾಕ್ಕೂ ಒಪ್ಪಂದ ಆಯಿತು. ಶಾಂತಿ ಕಾಯೋಕೆ ಅಂತ ನಮ್ಮ ಸೈನ್ಯ ಹೋಯಿತು. ಹೆಸರೇ ಶಾಂತಿ ಪಾಲನಾ ಪಡೆ. ಅಕ್ಟೋಬರ್ ಹೊತ್ತಿಗೆ ಯಾರ ಕೈಯಿಂದ ಬಂದೂಕು ಇಳಿಸಿಕೊಳ್ಳಬೇಕಿತ್ತೋ ಆ ತಮಿಳು ಬಂಡುಕೋರರ ಗುಂಪು ಎಲ್‌ಟಿಟಿಇ ಜೊತೆಗೇ ಲಂಕಾದ ಉತ್ತರದ ಜಾಫ್ನಾದಲ್ಲಿ ಯುದ್ಧ ಶುರುವಾಗಿತ್ತು. ಎರಡೂವರೆ ವರ್ಷದಲ್ಲಿ ನಮ್ಮವರು ಸಾವಿರದ ನೂರಕ್ಕೂ ಜಾಸ್ತಿ ಮಂದಿ ಸತ್ತರು. ಕಾರ್ಗಿಲ್‌ನಲ್ಲಿ ಸತ್ತವರು 527. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು. ಕಾರ್ಗಿಲ್ ದಿನಕ್ಕೆ ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಭಾಷಣ ಸ್ಪರ್ಧೆ ಇರುತ್ತದೆ. ಜಾಫ್ನಾ ಎಲ್ಲಿದೆ ಅಂತ ಕೇಳಿದರೆ ಸ್ಟಾಫ್ ರೂಮಿನಲ್ಲೇ ಮೌನ.

1990ರ ಮಾರ್ಚಿನಲ್ಲಿ ಕೊನೆಯ ತುಕಡಿಗಳು ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದವು. ಅಲ್ಲಿಯ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರನ್ನು ಕೊಂದ ಸೈನ್ಯವನ್ನು ಹೇಗೆ ಸ್ವಾಗತಿಸಲಿ ಅನ್ನೋದು ಅವರ ವಾದ. ಜಾಫ್ನಾದ ಸಾಮಾನ್ಯ ಜನ ಆಗ ಅನುಭವಿಸಿದ್ದು ಸುಳ್ಳಲ್ಲ, ಅದನ್ನು ಅಲ್ಲಗಳೆಯೋಕೆ ನಾನು ಹೋಗಲ್ಲ. ಆದರೆ ಹಡಗಿನಿಂದ ಇಳಿದವನು ಬೆಳಗಾವಿ ಜಿಲ್ಲೆಯ, ನಾಯಕ್ ದರ್ಜೆಯ ಒಬ್ಬ ಸೈನಿಕ. ಹೋಗು ಅಂದರು, ಹೋದ. ಬಾ ಅಂದರು, ಬಂದ. ದಿಲ್ಲಿಯಲ್ಲಿ ಸರ್ಕಾರವೇ ಬದಲಾಗಿತ್ತು. ಕಳಿಸಿದ ರಾಜೀವ್ ಗಾಂಧಿ ಅಧಿಕಾರದಲ್ಲಿ ಇರಲಿಲ್ಲ. ಕರೆಸಿಕೊಂಡವರಿಗೆ ಅದು ತಮ್ಮ ಯುದ್ಧ ಅಲ್ಲ.

1991ರ ಜನವರಿಯಲ್ಲಿ ಕಾಕಾ ಪೆನ್ಶನ್ ತೆಗೆದುಕೊಂಡು ಊರಿಗೆ ಬಂದ. ಕ್ರಾಸಿನಲ್ಲಿ ಬಸ್ ಇಳಿದು, ಕಪ್ಪು ಟ್ರಂಕನ್ನು ತಲೆ ಮೇಲೆ ಹೊತ್ತು ಮೂರು ಕಿಲೋಮೀಟರ್ ನಡೆದು ಬಂದ. ದಾರಿಯಲ್ಲಿ ಸಿಕ್ಕವರು ಕೇಳಿದ್ದು ಎರಡೇ ಪ್ರಶ್ನೆ. "ಸೂಟಿ ಎಷ್ಟು ದಿನ?" "ರಮ್ ತಂದೀಯೇನು?" ಅವನಿಗೆ ಯಾರೂ ಯೋಧ ಅನ್ನಲಿಲ್ಲ. ಆಗ ಊರಲ್ಲಿದ್ದ ಪದ ಒಂದೇ, ಮಿಲ್ಟ್ರಿಯವ. ಯೋಧ ಅಂದರೆ ಬಯಲಾಟದಲ್ಲಿ ಕಿರೀಟ ಕಟ್ಟಿಕೊಂಡು ಬರೋನು.

ಅದೇ ವರ್ಷ ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ ಆಯಿತು. ಎಲ್‌ಟಿಟಿಇ ಅನ್ನೋ ಹೆಸರು ದಿನಾ ಪೇಪರಿನಲ್ಲಿ ಬರತೊಡಗಿತು. ಆಗ ಯಾರಿಗೋ ನೆನಪಾಯಿತು, ಅರೆ, ನಮ್ಮ ಮಿಲ್ಟ್ರಿಯವನು ಅಲ್ಲೇ ಇದ್ದನಲ್ಲ! ಆಗಸ್ಟಿನಲ್ಲಿ ಹಂತಕರ ಗುಂಪಿನ ಶಿವರಾಸನ್ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಸಿಕ್ಕಿಬಿದ್ದು ಸತ್ತಾಗಲಂತೂ ಕಟ್ಟೆ ತುಂಬ ಜನ. ಕಾಕಾನನ್ನು ನಡುವೆ ಕೂರಿಸಿ, "ಹೆಂಗಿರ್ತಾರಪಾ ಅವರು?" ಅಂತ ಕೇಳಿದರು. ಅವನು ಹೇಳಿದ್ದು ಇಷ್ಟು, "ಸಣ್ಣ ಸಣ್ಣ ಹುಡುಗರು." ಜನಕ್ಕೆ ಬೇಕಾಗಿದ್ದ ಉತ್ತರ ಅದಲ್ಲ. ಒಂದು ವಾರ ಬಂದರು, ಆಮೇಲೆ ಬರೋದು ಬಿಟ್ಟರು.

ಒಂದು ವಿಷಯ ನಾನೇ ಕಣ್ಣಾರೆ ಕಂಡದ್ದು. ನಮ್ಮ ಓಣಿಯಲ್ಲಿ ನೀರಿನ ಪೈಪ್ ಹಾಕೋಕೆ ರಸ್ತೆ ಅಗೆದು ಮುಚ್ಚಿದ್ದರು. ಕಾಕಾ ಆ ಹಸಿ ಮಣ್ಣಿನ ಮೇಲೆ ಕಾಲಿಡುತ್ತಿರಲಿಲ್ಲ. ಗೋಡೆಗೆ ಒರಗಿ ಸುತ್ತು ಹಾಕಿ ಹೋಗುತ್ತಿದ್ದ. ನಾವು ಹುಡುಗರು ಅದನ್ನು ಅಣಕಿಸಿ ನಗುತ್ತಿದ್ದೆವು. ಜಾಫ್ನಾದ ರಸ್ತೆಗಳಲ್ಲಿ ನೆಲಬಾಂಬ್ ಹೂತಿಡುತ್ತಿದ್ದರು ಅಂತ ನಾನು ಓದಿದ್ದು ಅವನು ಸತ್ತು ಎಷ್ಟೋ ವರ್ಷದ ಮೇಲೆ. ಓದಿದ ದಿನ ಊಟ ಸೇರಲಿಲ್ಲ ಕಣೋ.

ಕಾಕಾನಿಗಿಂತ ಹಿಂದಿನವರ ಕಥೆ ಇನ್ನೂ ವಿಚಿತ್ರ. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನ ಇದ್ದರು. ನಮ್ಮ ಓಣಿಯ ಒಬ್ಬ ಅಜ್ಜ ಇಟಲಿಯಲ್ಲಿ ಕಾದಾಡಿ 1946ರಲ್ಲಿ ಬಂದನಂತೆ. ಊರಿಗೆ ಊರೇ ಸ್ವರಾಜ್ಯದ ಗುಂಗಿನಲ್ಲಿತ್ತು. ಆಗಷ್ಟೇ ಕೆಂಪುಕೋಟೆಯಲ್ಲಿ ಸುಭಾಷರ ಸೈನ್ಯದ ಅಧಿಕಾರಿಗಳ ವಿಚಾರಣೆ ನಡೆದು, ಜನ ಅವರ ಪರ ಬೀದಿಗೆ ಇಳಿದಿದ್ದರು. ಈ ಅಜ್ಜ ಬಿಳಿಯರ ಕಡೆಯಿಂದ ಹೋದವನು. ಅವನ ಖಾಕಿ ಕೋಟನ್ನು ಕೊನೆಗೆ ಹೊಲದ ಬೆರ್ಚಪ್ಪನಿಗೆ ತೊಡಿಸಿದ ಅಂತ ಅಪ್ಪ ಹೇಳುತ್ತಿದ್ದ. ಇನ್ನು ಜನ ಜೈಕಾರ ಹಾಕಿದ ಆ ಸುಭಾಷರ ಸೈನಿಕರನ್ನು ಸ್ವತಂತ್ರ ಭಾರತದ ಸೈನ್ಯ ವಾಪಸ್ ಸೇರಿಸಿಕೊಳ್ಳಲಿಲ್ಲ. ಅವರಿಗೆ ಹಾರ ಸಿಕ್ಕಿತು, ನೌಕರಿ ಸಿಗಲಿಲ್ಲ.

1962ರ ಸೋಲಿನ ನಂತರ ಚೀನಾದಿಂದ ಬಿಡುಗಡೆಯಾಗಿ ಬಂದ ಕೈದಿಗಳನ್ನು ಮನೆಗೆ ಕಳಿಸೋ ಮುಂಚೆ ರಾಂಚಿಯಲ್ಲಿ ಇಟ್ಟು ವಿಚಾರಿಸಿದರು. ಸೋತು ಬಂದವನ ಮೇಲೆ ಅನುಮಾನ. ಮೂರು ವರ್ಷ ಕಳೆದು 1965 ಬಂತು. ಶಾಸ್ತ್ರಿಯವರು "ಜೈ ಜವಾನ್ ಜೈ ಕಿಸಾನ್" ಅಂದರು. ಅದೇ ಜನ ರೈಲ್ವೆ ಸ್ಟೇಷನ್ನಿಗೆ ಬುತ್ತಿ ಕಟ್ಟಿಕೊಂಡು ಹೋದರು. 1971ರಲ್ಲಿ ಗೆದ್ದ ಮೇಲಂತೂ ಕೇಳೋದೇ ಬೇಡ.

ಇದೆಲ್ಲ ನಿಂತಿದ್ದು ಗೆದ್ದೆವಾ ಸೋತೆವಾ ಅನ್ನೋದರ ಮೇಲೆ ಅಂತ ನಾನು ಬಹಳ ದಿನ ನಂಬಿದ್ದೆ. ಈಗ ಹಾಗೆ ಅನ್ನಿಸಲ್ಲ. ಕಾರ್ಗಿಲ್ ಗೆದ್ದದ್ದು ನಿಜ, ಆದರೆ ಜನರ ಮನಸ್ಸು ತಿರುಗಿದ್ದು ಗೆಲುವಿಗಿಂತ ಜಾಸ್ತಿ ಟಿವಿಯಿಂದ. ಇನ್ನೊಂದು ಕಾರಣ ಪೆಟ್ಟಿಗೆ. ಮುಂಚಿನ ಯುದ್ಧಗಳಲ್ಲಿ ಸತ್ತವರ ಸಂಸ್ಕಾರ ಹೆಚ್ಚಾಗಿ ಗಡಿಯ ಹತ್ತಿರವೇ ಆಗುತ್ತಿತ್ತು. ಊರಿಗೆ ಬರುತ್ತಿದ್ದುದು ತಂತಿ ಮಾತ್ರ. 1999ರಲ್ಲಿ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಹಳ್ಳಿ ಹಳ್ಳಿಗೆ ಬಂದವು. ತಂತಿ ಬಂದರೆ ಒಂದು ಮನೆ ಅಳುತ್ತಿತ್ತು, ಪೆಟ್ಟಿಗೆ ಬಂದರೆ ಇಡೀ ತಾಲ್ಲೂಕು ಸೇರಿತು.

2016ರಲ್ಲಿ ಹನುಮಂತಪ್ಪ ಕೊಪ್ಪದ ತೀರಿಕೊಂಡಾಗ ನಾನು ಅವನ ಊರು ಬೆಟದೂರಿಗೆ ಹೋಗಿದ್ದೆ. ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಹೂತುಹೋಗಿ ಜೀವಂತ ಸಿಕ್ಕವನು. ದಿಲ್ಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಹೋಗಿಬಿಟ್ಟ. ಊರ ಹೊರಗೇ ಬೈಕ್ ನಿಲ್ಲಿಸಿ ನಡೆಯಬೇಕಾಯಿತು, ಅಷ್ಟು ಜನ. ಅವತ್ತಿನ ದುಃಖ ನಾಟಕ ಅಲ್ಲ. ಗುರುತಿಲ್ಲದ ಹೆಂಗಸರು ಸ್ವಂತ ಮಗನನ್ನು ಕಳಕೊಂಡವರ ಹಾಗೆ ಅತ್ತರು. ನಾನೂ ಅತ್ತೆ.

ಆದರೆ ಅದಕ್ಕೆ ಆರು ತಿಂಗಳ ಹಿಂದಿನದೂ ನೆನಪು ಮಾಡಿಕೋ. 2015ರ ಆಗಸ್ಟ್ 14. ಒಂದೇ ರ‍್ಯಾಂಕಿಗೆ ಒಂದೇ ಪಿಂಚಣಿ ಕೊಡಿ ಅಂತ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತಿದ್ದ ಮಾಜಿ ಸೈನಿಕರನ್ನು ಪೊಲೀಸರು ಎಳೆದಾಡಿ ಎಬ್ಬಿಸಿದರು. ಮೆಡಲ್ ಹಾಕಿಕೊಂಡ ಮುದುಕರು. ಕಾರಣ, ಮರುದಿನ ಸ್ವಾತಂತ್ರ್ಯ ದಿನದ ಭದ್ರತೆ! ಸೆಪ್ಟೆಂಬರ್ 5ಕ್ಕೆ ಸರ್ಕಾರ ಯೋಜನೆ ಘೋಷಿಸಿತು, ಸರಿ. ಆದರೆ ಆ ಆಗಸ್ಟಿನಲ್ಲಿ ನಮ್ಮೂರಿನಿಂದ ಒಬ್ಬನೂ ಜೆಸಿಬಿ ತರಲಿಲ್ಲ. ಸತ್ತ ಸೈನಿಕ ಏನನ್ನೂ ಕೇಳಲ್ಲ, ಬದುಕಿದವನು ಪೆನ್ಶನ್ ಕೇಳುತ್ತಾನೆ. ಕಷ್ಟ ಇರೋದು ಅಲ್ಲೇ.

ನಿನ್ನದೇ ನೋಡು. ಒಂದು ಕಾಗದಕ್ಕಾಗಿ ಮೂರು ಸಲ ಆ ಕಚೇರಿಗೆ ಅಲೆದೆ. ಗುಮಾಸ್ತ "ಮೆರವಣಿಗಿ ಭಾಳ ಚಲೋ ಆತ್ರಿ ಸರ, ಸೋಮವಾರ ಬರ್ರಿ" ಅಂದನಂತೆ. ಇದನ್ನು ನೀನು ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಎಟಿಎಂಗೆ ದುಡ್ಡು ಸಾಗಿಸೋ ವ್ಯಾನಿಗೆ ಗನ್‌ಮ್ಯಾನ್ ಬೇಕು ಅಂತ ಏಜೆಂಟ್ ಫೋನ್ ಮಾಡಿದ್ದನ್ನೂ ಹೇಳಿದೆ. ಅದಕ್ಕೆ ಹೋಗೋದು ಬಿಡೋದು ನಿನ್ನಿಷ್ಟ. ಸುಮ್ನೆ ಮಂದಿ ಏನಂತಾರೆ ಅಂತ ಯೋಚಿಸಬೇಡ. ಅವರು ಈಗಾಗಲೇ ನಿನ್ನ ವಿಡಿಯೋ ಮರೆತಿದ್ದಾರೆ. ಅಗ್ಗದಲ್ಲಿ ಸಾಮಾನು ಸಿಗೋ ಮಿಲ್ಟ್ರಿ ಕ್ಯಾಂಟೀನ್ ಕಾರ್ಡ್ ಮಾತ್ರ ಮರೆತಿಲ್ಲ, ನನ್ನ ಭಾವಮೈದುನನೂ ಸೇರಿ.

ಇನ್ನೊಂದು ಮಾತು. ನನ್ನ ಹಳೇ ವಿದ್ಯಾರ್ಥಿ ಒಬ್ಬ ಅಗ್ನಿವೀರ. ಮೊದಲ ತಂಡದವನು. ನಾಲ್ಕು ವರ್ಷ ಮುಗಿಯೋದು 2026ರ ಕೊನೆ, ಇಲ್ಲ 2027ರ ಶುರು. ನೂರಕ್ಕೆ ಇಪ್ಪತ್ತೈದು ಜನರವರೆಗೆ ಮಾತ್ರ ಮುಂದುವರಿಸುತ್ತಾರೆ. ಉಳಿದವರಿಗೆ 11.71 ಲಕ್ಷದಷ್ಟು ಇಡುಗಂಟು. ಪೆನ್ಶನ್ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನವೂ ಇಲ್ಲ. ಅವನಿಗೆ ಹೆಣ್ಣು ನೋಡೋಕೆ ಹೋದಾಗ ಹುಡುಗಿಯ ತಂದೆ ಕೇಳಿದ ಮೊದಲ ಪ್ರಶ್ನೆ, "ಪರ್ಮನೆಂಟೋ ಅಗ್ನಿವೀರನೋ?" ನಿನ್ನ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಕುಣಿದವರು ಅದೇ ಮನುಷ್ಯ. ಇಪ್ಪತ್ತೈದು ದಾಟದ ಹುಡುಗ ಚೀಲ ಹಿಡಿದು ವಾಪಸ್ ಬಂದರೆ ಊರು ಅವನನ್ನು ಏನಂತ ಕರೆಯುತ್ತದೋ ನೋಡಬೇಕು. ಅದಕ್ಕೆ ಪದ ಇನ್ನೂ ಹುಟ್ಟಿಲ್ಲ.

ಹೋದ ವರ್ಷ ಮಕ್ಕಳ ಜೊತೆ ದಿಲ್ಲಿಗೆ ಹೋದಾಗ ರಾಷ್ಟ್ರೀಯ ಯುದ್ಧ ಸ್ಮಾರಕ ನೋಡಿದೆ. 2019ರಲ್ಲಿ ಕಟ್ಟಿ ತೆರೆದದ್ದು. ತ್ಯಾಗ ಚಕ್ರದ ಗೋಡೆಗಳ ಮೇಲೆ ಹೆಸರುಗಳ ಸಾಲು ಸಾಲು. ಜಾಫ್ನಾದಲ್ಲಿ ಸತ್ತವರೂ ಅಲ್ಲಿದ್ದಾರೆ. ಪರಮವೀರ ಚಕ್ರದವರ ಸಾಲಿನಲ್ಲಿ ಮೇಜರ್ ಪರಮೇಶ್ವರನ್ ಮೂರ್ತಿಯೂ ಇದೆ. 1987ರ ನವೆಂಬರಿನಲ್ಲಿ ಲಂಕಾದಲ್ಲೇ ಸತ್ತವರು. ಅವರ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಒಬ್ಬ ಹುಡುಗ, "ಅಂಕಲ್, ಸ್ವಲ್ಪ ಸರೀರಿ, ಸೆಲ್ಫಿ" ಅಂದ, ಅದೂ ಕನ್ನಡದಲ್ಲಿ! ಆ ಪಡೆಗೆ ಕೊಲಂಬೊ ಪಕ್ಕದಲ್ಲೂ ಒಂದು ಸ್ಮಾರಕ ಇದೆ, ಶ್ರೀಲಂಕಾದವರು ಕಟ್ಟಿಸಿದ್ದು. ಕಾಕಾ ಯಾವುದನ್ನೂ ನೋಡಲಿಲ್ಲ. 2011ರಲ್ಲೇ ಹೋದ.

ಈಗ ನನ್ನದೊಂದು ಕೆಲಸ ಇದೆ. ಕಾಕಾನ ಆ ಕಪ್ಪು ಟ್ರಂಕು ಇನ್ನೂ ಕಾಕಿ ಮನೆಯಲ್ಲಿದೆ. ಇಷ್ಟು ವರ್ಷ ಅದರಲ್ಲಿ ಜೋಳ ತುಂಬಿಟ್ಟಿದ್ದಳು. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಇಂಗ್ಲಿಷ್ ಅಕ್ಷರ, ಏನೇನೋ ಬರೆದಿದೆ. ಅರ್ಧ ಅಳಿಸಿದೆ. ಕೆಳಗೆ ಇನ್ನೊಂದು ಹೆಸರಿನ ಮೇಲೆ ಬಣ್ಣ ಬಳಿದ ಹಾಗಿದೆ. ಯಾವ ಪಲ್ಟನ್, ಅದು ಯಾರ ಟ್ರಂಕು, ನನಗೆ ಒಂದೂ ಓದೋಕೆ ಬರಲ್ಲ. ನಿನಗೆ ಬರುತ್ತದೆ.

ಭಾನುವಾರ ಬಾ. ಕಾಕಿ ಜೋಳವನ್ನು ಚೀಲಕ್ಕೆ ಸುರಿದು ಟ್ರಂಕು ಒರೆಸಿ ಇಟ್ಟಿದ್ದಾಳೆ. ರೊಟ್ಟಿ, ಬದನೆಕಾಯಿ ಪಲ್ಯ ಮಾಡುತ್ತಾಳಂತೆ. ಊಟ ಆದ ಮೇಲೆ, ಕಾಶ್ಮೀರದಿಂದ ಲಡಾಖ್‌ಗೆ ಹೋಗೋ ಜೊಜಿಲಾ ಘಾಟಿನಲ್ಲಿ ಡೀಸೆಲ್ ಗಟ್ಟಿಯಾಗಿ ಲಾರಿ ನಿಂತ ಆ ರಾತ್ರಿಯದನ್ನು ಹೇಳು. ಟ್ಯಾಂಕ್ ಕೆಳಗೆ ಸ್ಟೋವ್ ಹಚ್ಚಿ ಕಾಯಿಸಿದೆವು ಅಂತ ಶುರು ಮಾಡಿ ಅವತ್ತು ಅರ್ಧಕ್ಕೇ ಬಿಟ್ಟಿದ್ದೆ. ಹಿಂದೆ ಹೇರಿದ್ದ ಸಕ್ಕರೆ ಏನಾಯಿತು ಅಂತ ನನಗೆ ಇನ್ನೂ ಗೊತ್ತಿಲ್ಲ.

ನಿನ್ನ,
ಎರಡು ಸೆಂಟಿಮೀಟರ್ ಕಮ್ಮಿ ಬಿದ್ದ ದೋಸ್ತ